ಕರಿನೀರಿನವನ ಮಗ

“ಹೆಣದ ಹಣೆಗೆ ಏನು ಬಳೀಬೇಕು ಅಂತ ಗೊತ್ತಿಲ್ದಿರೋ ಮನೆ ಇಡೀ ಬಾಪೂಜಿ ನಗರದಲ್ಲಿ ಇದೊಂದೇ ಕಣೋ!”

ರಾಚಪ್ಪ ವಿಭೂತಿ ಉಂಡೆಯನ್ನು ಕೈಯಲ್ಲಿ ಎತ್ತಿ ಹಿಡಿದು, ಶಾಮಿಯಾನದ ಕೊನೇ ಕುರ್ಚಿಯಲ್ಲಿ ಕೂತವರಿಗೂ ಕೇಳಲೆಂದೇ ಕೂಗಿದ. “ನಾಮಾನಾ, ಈಬೂತಿನಾ? ಬಾಯ್ಬಿಟ್ಟು ಹೇಳು. ಬೀದಿ ನಾಯಿ ಸತ್ರೂ ಅದು ಯಾವ ಬೀದಿದು ಅಂತ ನಾಲ್ಕು ಜನಕ್ಕೆ ಗೊತ್ತಿರುತ್ತೆ. ನಿಮ್ಮಪ್ಪಂಗೆ ಅಷ್ಟೂ ಇಲ್ವಲ್ಲೋ.”

ನಾಗೇಂದ್ರ ಅಪ್ಪನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಎರಡು ಹೆಬ್ಬೆರಳುಗಳನ್ನು ಸೇರಿಸಿ ಬಟ್ಟೆ ಚೂರಿನಿಂದ ಕಟ್ಟುತ್ತಿದ್ದ. ಗಂಟು ಜಾರಿತು. ಮತ್ತೆ ಕಟ್ಟಿದ. ಸುತ್ತ ನಿಂತಿದ್ದವರು ಈಗ ಹೊಡೆದಾಟ ಆಗುತ್ತದೆ ಎಂದೇ ಎರಡು ಹೆಜ್ಜೆ ಹಿಂದೆ ಸರಿದರು. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತುಕೊಂಡು, ಅವರ ಮುಂದೆಯೇ ಮುರಿದು ಬಿಸಾಡಿ ಸ್ಕೂಲು ಬಿಟ್ಟವನು ಇವನು. ಬೇರೆ ದಿನವಾಗಿದ್ದರೆ, ಸೋದರಮಾವ ಅಂತಲೂ ನೋಡದೆ ರಾಚಪ್ಪನ ಕೊರಳಪಟ್ಟಿ ಹಿಡಿಯುತ್ತಿದ್ದ. ಇವತ್ತು ತಲೆ ಎತ್ತಲಿಲ್ಲ.

ಅವರ ಜನದಲ್ಲಿ ಎರಡು ಒಕ್ಕಲು. ನಾಮದವರು, ವಿಭೂತಿಯವರು. ಬದುಕಿರುವಾಗ ಯಾವ ದೇವರಿಗೆ ಕೈ ಮುಗಿದರೂ ನಡೆದೀತು, ಸತ್ತ ದಿನ ಮಾತ್ರ ಹಣೆ ಯಾವ ಒಕ್ಕಲೆಂದು ಹೇಳಲೇಬೇಕು. ನಾಮದವರಾದರೆ ದಾಸಯ್ಯ ಬಂದು ಶಂಖ ಊದಬೇಕು. ವಿಭೂತಿಯಾದರೆ ಅದರ ದಾರಿಯೇ ಬೇರೆ. ಯಶೋದಮ್ಮನ ತವರು ವಿಭೂತಿ. ಗಂಡ ಮುನಿರಾಮಯ್ಯ ಮಾತ್ರ ಬದುಕಿದ್ದಷ್ಟು ದಿನ ಹಣೆಗೆ ಒಂದು ಚಿಟಿಕೆ ಕುಂಕುಮ ಇಟ್ಟುಕೊಂಡು, ಕೇಳಿದವರಿಗೆ “ನಮ್ದು ಎಲ್ಲಾ ದೇವ್ರೂ” ಅನ್ನುತ್ತಿದ್ದ.

“ಸುಮ್ನಿರೋ ರಾಚಪ್ಪ,” ಯಶೋದಮ್ಮ ಗಂಡನ ತಲೆಯ ಬಳಿಯಿಂದ ಅಂದಳು. “ಇವತ್ತಾದ್ರೂ ಸುಮ್ನಿರು.”

“ನಾನ್ಯಾಕೆ ಸುಮ್ನಿರ್ಲಕ್ಕ? ನಮ್ಮಪ್ಪ ಮಿಲ್ಲಲ್ಲಿ ಜೊತೆಗಾರ ಅಂತ ಕರ್ಕೊಂಡು ಬಂದು ನಿನ್ನ ಕೊಟ್ರು. ಹುಡುಗ ಒಳ್ಳೆಯೋನು, ದಿಕ್ಕಿಲ್ದೋನು ಅಂದ್ರು. ಇವತ್ತಿಗೂ ದಿಕ್ಕಿಲ್ದೋನೇ! ಮಣ್ಣು ಹಾಕೋಕೆ ಒಬ್ಬ ದಾಯಾದಿ ಇಲ್ಲ.”

“ಎರಡೂ ಬಳಿದ್ಬಿಡಿ ಅಣ್ಣ,” ಪಕ್ಕದ ಮನೆಯ ಕಲಾವತಿ ಮೆಲ್ಲಗೆ ಅಂದಳು. “ಮೇಲೆ ಯಾರಿಗೆ ಬೇಕೋ ಅವ್ರು ಕರ್ಕೋತಾರೆ.”

ಯಾರೋ ನಕ್ಕರು. ನಕ್ಕದ್ದನ್ನು ಮುಚ್ಚಲು ಕೆಮ್ಮಿದರು.

ನಾಗೇಂದ್ರನಿಗೆ ಉತ್ತರ ಗೊತ್ತಿತ್ತು. ನಾಮ. ಎರಡಕ್ಷರ. ಅದನ್ನು ಹೇಳಿದರೆ ಮರುಗಳಿಗೆಯೇ “ನಿನಗೆ ಯಾರು ಹೇಳಿದ್ದು?” ಅಂತ ಬರುತ್ತಿತ್ತು. ಅದಕ್ಕೆ ಉತ್ತರ ಕೊಟ್ಟರೆ ಅಪ್ಪನ ಹೆಣವನ್ನು ಈ ಶಾಮಿಯಾನದ ಕೆಳಗೇ ಬತ್ತಲೆ ಮಾಡಿದ ಹಾಗೆ. ಅವನು ಗಂಟು ಬಿಗಿದ.

“ದಾಯಾದಿಗಳು ಬರ್ತಾರೆ ಮಾವ,” ಅಂದ.

“ಯಾರೋ? ಎಲ್ಲಿಂದ?”

“ಬರ್ತಾರೆ.”

ಬೆಳಗ್ಗೆ ಅಪ್ಪನ ಉಸಿರು ನಿಂತ ಮೇಲೆ, ಅಮ್ಮನ ಕೂಗಿಗೆ ಬೀದಿ ಸೇರುವ ಮೊದಲೇ, ನಾಗೇಂದ್ರ ಒಂದು ಊರಿಗೆ ಫೋನ್ ಮಾಡಿಬಿಟ್ಟಿದ್ದ. ಮಾಡಿದ ಮೇಲೆ ಯೋಚನೆ ಬಂತು. ಆಗಿನಿಂದ ಅವರು ಬರಲಿ ಎಂದೂ, ಬಾರದಿರಲಿ ಎಂದೂ ಒಟ್ಟಿಗೇ ಹರಕೆ ಹೊರುತ್ತಿದ್ದ.

ಅಕ್ಕ ಶಶಿಕಲಾ ಅಪ್ಪನ ಎದೆಯ ಮೇಲೆ ತಲೆಯಿಟ್ಟು ಹಾಡಿ ಹಾಡಿ ಅಳುತ್ತಿದ್ದಳು. “ಓದಿಸ್ದೆ, ಮದುವೆ ಮಾಡ್ದೆ, ಬಾಣಂತನ ಮಾಡ್ಸಿದೆ ನನ್ನಪ್ಪಾ... ಒಂದ್ ಜೊತೆ ಕಾಲ್ಗೆಜ್ಜೆಗೆ ಎಷ್ಟು ಅತ್ತೆನಪ್ಪಾ... ಅಜ್ಜಿ ತಂದಿದ್ದನ್ನೂ ಕಿತ್ತು ಎಸೆದ್ಯಲ್ಲ ನನ್ನಪ್ಪಾ...”

“ಮುನಿರಾಮಣ್ಣ ಜಿಪುಣ ಏನಲ್ಲ,” ಒಬ್ಬಳು ಇನ್ನೊಬ್ಬಳ ಕಿವಿಗೆ ಹೇಳಿದಳು. “ಗೆಜ್ಜೆ ವಿಷ್ಯದಲ್ಲಿ ಮಾತ್ರ ಅದೇನೋ. ನಮ್ಮ ಮಗು ಗೆಜ್ಜೆ ಹಾಕ್ಕೊಂಡು ಬಂದ್ರೂ ಎದ್ದು ಹೋಗ್ತಿದ್ರು. ಆ ಸದ್ದು ನಂಗಾಗಲ್ಲ ಅಂತಿದ್ರು.”

ಬೀದಿಯ ತಿರುವಿನಲ್ಲಿ ಆಗಲೇ ಫ್ಲೆಕ್ಸ್ ನಿಂತಿತ್ತು. ‘ಅಮರ ಸ್ವಾತಂತ್ರ್ಯ ಹೋರಾಟಗಾರರ ಸುಪುತ್ರ ಶ್ರೀ ಮುನಿರಾಮಯ್ಯನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಅಪ್ಪನ ಮುಖ ತಟ್ಟೆಯಷ್ಟಿತ್ತು. ಅದರ ಪಕ್ಕ ಕೈ ಮುಗಿದು ನಿಂತ ಮೋಹನ್ ಕುಮಾರ್ ಬಾಗಿಲಷ್ಟಿದ್ದ. ಮೋಹನ್ ಕುಮಾರ್ ಏರಿಯಾದ ಮುಖಂಡ. ಮುಂದಿನ ಚುನಾವಣೆಗೆ ಟಿಕೆಟ್ಟಿನ ಮೇಲೆ ಕಣ್ಣಿಟ್ಟವನು. ಆಗ ತಾನೇ ಫೋನ್ ಬಂದಿತ್ತು: “ನಾನು ಬರೋವರ್ಗೂ ಎತ್ಬೇಡ ನಾಗ. ಬಾವುಟ ತರ್ತಾ ಇದೀನಿ. ಹೋರಾಟಗಾರರ ಮಗನ್ನ ಹಂಗೇ ಕಳಿಸೋಕಾಗುತ್ತಾ?”

* * *

ಆ ಫ್ಲೆಕ್ಸಿನ ತಪ್ಪು ಹುಟ್ಟಿದ್ದು ಫ್ಲೆಕ್ಸ್ ಅಂಗಡಿಯಲ್ಲೇ. ಹೋದ ವರ್ಷ ಆಗಸ್ಟಿನಲ್ಲಿ.

ನಾಗೇಂದ್ರ ವಿಜಯನಗರದ ಪ್ರಿಂಟಿಂಗ್ ಅಂಗಡಿಯಲ್ಲಿ ಫ್ಲೆಕ್ಸನ್ನು ಮರದ ರೀಪರು ಚೌಕಟ್ಟಿಗೆ ಎಳೆದು ಮೊಳೆ ಹೊಡೆಯುವವನು. ಕಂಬ ಹತ್ತಿ ಕಟ್ಟುವವನೂ ಅವನೇ. ದೊಡ್ಡವರ ಮುಖಗಳನ್ನು ದಿನವೂ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ, ಆ ದೊಡ್ಡವರು ಮಾತ್ರ ಅವನ ಮುಖ ನೋಡಿದ್ದಿಲ್ಲ. ಸ್ವಾತಂತ್ರ್ಯ ದಿನಾಚರಣೆಯ ಫ್ಲೆಕ್ಸ್ ಮಾಡಿಸಲು ಬಂದ ಮೋಹನ್ ಕುಮಾರ್, ಕಂಪ್ಯೂಟರಿನ ಮುಂದೆ ನಿಂತು, “ಅಂಡಮಾನ್ ಜೈಲಿನ ಫೋಟೋನೂ ಹಾಕಪ್ಪ, ಜನ ಕಣ್ಣಲ್ಲಿ ನೀರು ಹಾಕ್ಬೇಕು,” ಅಂದ.

ಮೊಳೆ ಹೊಡೆಯುತ್ತಿದ್ದ ನಾಗೇಂದ್ರನ ಬಾಯಿಂದ ಬಂದುಬಿಟ್ಟಿತು. “ನಮ್ಮ ತಾತನೂ ಅಂಡಮಾನಲ್ಲಿದ್ರು ಸಾರ್.”

ಸಣ್ಣವನಿದ್ದಾಗ ಅಪ್ಪನ ತಾಯಿ ಒಮ್ಮೆ ಅಂದದ್ದು ಅದು. ‘ನಿಮ್ಮ ತಾತ ಕರಿನೀರಿಗೆ ಹೋಗಿ ಬಂದೋರು ಕಣಪ್ಪ’ ಅಂದು, ಯಾರಾದರೂ ಕೇಳಿಸಿಕೊಂಡರೇ ಎಂದು ಬಾಗಿಲ ಕಡೆ ನೋಡಿದ್ದಳು. ಹುಡುಗನಿಗೆ ಮಾತು ನೆನಪಿತ್ತು. ಅವಳು ಬಾಗಿಲ ಕಡೆ ನೋಡಿದ್ದು ನೆನಪಿರಲಿಲ್ಲ.

ಮೋಹನ್ ಕುಮಾರ್ ಮೊದಲ ಸಲ ತಿರುಗಿ ಅವನ ಮುಖ ನೋಡಿದ. “ಏನ್ ಗುರು, ಇಷ್ಟು ದಿನ ಹೇಳೇ ಇಲ್ವಲ್ಲ!”

ಅಂಡಮಾನ್ ಅಂದರೆ ಆ ಅಂಗಡಿಗೆ, ಆ ಬೀದಿಗೆ ಗೊತ್ತಿದ್ದದ್ದು ಒಂದೇ. ಅಲ್ಲಿಗೆ ಹೋದವರೆಲ್ಲ ದೇಶಕ್ಕಾಗಿ ಹೋದವರು. ಕಳ್ಳರನ್ನೂ ಕೊಲೆಗಾರರನ್ನೂ ಅದೇ ಕಡಲಿನಾಚೆಗೆ ಸಾಗಿಸುತ್ತಿದ್ದರು ಎಂಬುದು ಯಾವ ಭಾಷಣದಲ್ಲೂ ಬಂದಿರಲಿಲ್ಲ.

ಹದಿನೈದನೇ ತಾರೀಕು ಸರ್ಕಲ್ಲಿನಲ್ಲಿ ಸ್ಟೇಜು ಹಾಕಿ, ಮುನಿರಾಮಯ್ಯನನ್ನು ಮನೆಯಿಂದ ಹೆಚ್ಚುಕಡಿಮೆ ಎತ್ತಿಕೊಂಡೇ ಹೋದರು. ಶಾಲು ಹೊದಿಸಿದರು. ತಲೆಗೆ ಮೈಸೂರು ಪೇಟ ಇಟ್ಟರು. ಮಿಲ್ಲು ಮುಚ್ಚಿದ ಮೇಲೆ ದೀಪಾಂಜಲಿ ನಗರದ ಮದುವೆ ಛತ್ರದ ಗೇಟಿನಲ್ಲಿ ವಾಚ್‌ಮನ್ ಆಗಿ ನಿಂತ ಮನುಷ್ಯ ಅವನು. ಸಾವಿರ ಮದುವೆ ನೋಡಿದರೂ ಕರೆಯದೆ ಪಂಕ್ತಿಯಲ್ಲಿ ಕೂತವನಲ್ಲ. ಈಗ ಕೆಂಪು ಕುರ್ಚಿಯಲ್ಲಿ ಮೊಣಕಾಲುಗಳನ್ನು ಸೇರಿಸಿ ಕೂತಿದ್ದ. ಯಾರೋ ತನ್ನ ತೊಡೆಯ ಮೇಲೆ ಬಿಸಿ ಪಾತ್ರೆ ಇಟ್ಟು ಹೋದ ಹಾಗೆ, ಅಲ್ಲಾಡದೆ.

“ಎರಡು ಮಾತಾಡಿ ಸಾರ್,” ಮೈಕು ಮುಂದೆ ಬಂತು.

“ನಮ್ಮಪ್ಪ ಮಾತು ಕಮ್ಮಿ,” ಅಂದ ಮುನಿರಾಮಯ್ಯ. “ನಾನೂ ಹಂಗೇ.”

ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾಗೇಂದ್ರ.

ಮನೆಗೆ ಬಂದು ಪೇಟ ತೆಗೆದು ಬೀರುವಿನ ಮೇಲಿಟ್ಟ ಅಪ್ಪ, ಮಗನನ್ನು ಕೂಗಿದ. “ನಾಗ, ಇದೆಲ್ಲ ಬೇಡ ಕಣಪ್ಪ.”

“ಯಾಕಪ್ಪ? ಜೀವಮಾನ ಪೂರ್ತಿ ಗೇಟಲ್ಲಿ ನಿಂತಿದೀಯ. ಒಂದಿನ ಸ್ಟೇಜ್ ಮೇಲೆ ಕೂತ್ರೆ ಯಾರಪ್ಪಂದೇನ್ ಹೋಗುತ್ತೆ?”

ಮುನಿರಾಮಯ್ಯ ಏನೋ ಹೇಳಲು ಬಾಯಿ ತೆರೆದ. ಮಗನ ಮುಖ ನೋಡಿದ. ಶಾಲೆ ಬಿಟ್ಟ ಮೇಲೆ ಆ ಮುಖದಲ್ಲಿ ಅಂಥ ಬೆಳಕು ಅವನು ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡ.

* * *

ಶಾಮಿಯಾನದ ನೆರಳು ಗೋಡೆಗೆ ಹತ್ತಿತು. ತಮಟೆಯವರು ಟೀ ಕುಡಿದು ಮತ್ತೆ ಬಡಿಯತೊಡಗಿದರು. ಮುರುಗೇಶ್ ಬೈಕಿನಲ್ಲಿ ಬಂದು ನಾಗೇಂದ್ರನ ಪಕ್ಕ ಕೂತ. ಅಂಗಡಿಯಲ್ಲಿ ಜೊತೆ ಕೆಲಸ ಮಾಡುವವನು, ತಮಿಳಿನ ಹುಡುಗ. ಆ ಊರಿಗೆ ನಾಗೇಂದ್ರನ ಜೊತೆ ಹೋಗಿ ಬಂದವನು ಇವನೊಬ್ಬನೇ. ವಿಷಯ ಗೊತ್ತಿದ್ದವನೂ ಇವನೊಬ್ಬನೇ.

“ಮಚ್ಚಾ, ಅವ್ರು ಬಸ್ ಹತ್ತಿದಾರಂತೆ. ನಾನು ಆಟೋ ತಗೊಂಡು ಹೋಗಿ ಕರ್ಕೊಂಡು ಬರ್ತೀನಿ. ಆದ್ರೆ ಒಂದ್ ಮಾತು. ಮೋಹನಣ್ಣನೂ ಬರ್ತಿದಾನಲ್ಲ. ಆ ಊರಿನ ಅಜ್ಜಿ ಇವನ ಮುಂದೆ ಏನಾದ್ರೂ ಅಂದ್ಬಿಟ್ರೆ?”

“ಗೊತ್ತಿಲ್ಲ.”

“ಬೇಡ ಅನ್ನು ಈಗ್ಲೂ. ಬಸ್ಸು ಕೆಟ್ಟೋಯ್ತು ಅಂತ ಏನಾದ್ರೂ ಹೇಳ್ತೀನಿ.”

ನಾಗೇಂದ್ರ ಅಪ್ಪನ ಖಾಲಿ ಹಣೆ ನೋಡಿದ. ಸ್ನಾನ ಮಾಡಿಸಿದ ನೀರು ಸುಕ್ಕುಗಳಲ್ಲಿ ಇನ್ನೂ ಆರಿರಲಿಲ್ಲ.

“ಕರ್ಕೊಂಡ್ ಬಾ,” ಅಂದ.

* * *

ಊರಿನ ಸುಳಿವು ಸಿಕ್ಕಿದ್ದು ಹಿರಿಯರ ಹಬ್ಬದ ಎಡೆಯಿಂದ. ಮಹಾಲಯ ಅಮಾವಾಸ್ಯೆಗೆ ಮುನಿರಾಮಯ್ಯ ಪ್ರತಿ ವರ್ಷ ಎರಡು ಎಲೆ ಹಾಕುತ್ತಿದ್ದ. ದೊಡ್ಡ ಎಲೆಯಲ್ಲಿ ಎಲ್ಲರ ಮನೆಯ ಹಾಗೆ ಮುದ್ದೆ, ಸಾರು, ಬೀಡಿ. ಪಕ್ಕದಲ್ಲಿ ಅಂಗೈ ಅಗಲದ ಒಂದು ಎಲೆ. ಅದರಲ್ಲಿ ಪುರಿ, ಬೆಲ್ಲ. ಅದು ಯಾರಿಗೆ ಎಂದರೆ “ಮಗೂಗೆ” ಅನ್ನುತ್ತಿದ್ದ. ತಮ್ಮ ಮನೆಯಲ್ಲಿ ಯಾವ ಮಗುವೂ ಸತ್ತಿರಲಿಲ್ಲ. ಆ ಸಣ್ಣ ಎಲೆಯ ಮುಂದೆ ಕೈ ಮುಗಿಯುವಾಗ ಒಂದು ಊರಿನ ಹೆಸರು ಹೇಳುತ್ತಿದ್ದ ಎಂದು ಅಮ್ಮನಿಗೆ ನೆನಪಿತ್ತು. ಹುಣಸೆಮಾರನದೊಡ್ಡಿ.

ಸರ್ಕಲ್ಲಿಗೆ ಹೋರಾಟಗಾರರ ಹೆಸರಿಡಿಸುತ್ತೇನೆ, ಹುಟ್ಟೂರು ಯಾವುದು ಹುಡುಕು ಅಂತ ಮೋಹನ್ ಕುಮಾರ್ ಬೆನ್ನು ಹತ್ತಿದ್ದ. ಅಪ್ಪ ಬಾಯಿ ಬಿಡಲಿಲ್ಲ. ನಾಗೇಂದ್ರ ಮುರುಗೇಶನ ಬೈಕ್ ಹತ್ತಿ, ಆನೇಕಲ್ ದಾಟಿ, ಗಡಿ ದಾಟಿ, ತಮಿಳುನಾಡಿನ ತಳಿ ಕಡೆಯ ಆ ಊರಿಗೆ ಹೋದ. ಅಂಗಡಿ ಬೋರ್ಡುಗಳು ತಮಿಳಿನಲ್ಲಿದ್ದವು, ಬೈಗುಳ ಕನ್ನಡದಲ್ಲಿತ್ತು. ಅಂಡಮಾನಿಗೆ ಹೋಗಿದ್ದ ಚಿಕ್ಕಮುನಿಯಪ್ಪನವರ ಮನೆ ಯಾವುದು ಎಂದು, ಎದೆ ಉಬ್ಬಿಸಿಕೊಂಡೇ ಕೇಳಿದ. ತಾತನ ಹೆಸರಿಗೆ ‘ಅಪ್ಪ’ ಸೇರಿಸಿದ್ದು ಅವನೇ.

ಜನ ಮುಖ ಮುಖ ನೋಡಿಕೊಂಡು ಒಂದು ಹೆಂಚಿನ ಮನೆ ತೋರಿಸಿದರು. ಜಗುಲಿಯ ಮೇಲೆ ಒಬ್ಬ ಮುದುಕಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಶಿವಕ್ಕ.

“ನೀನು ಕರಿನೀರಿನವನ ಮೊಮ್ಮಗನಾ?” ಅಂದಳು, ಇವನು ಬಾಯಿ ತೆರೆಯುವ ಮೊದಲೇ. “ಕಿವಿ ಹಂಗೇ ಐತೆ. ಕೂತ್ಕೋ.”

ಅವಳು ಬೀಜ ಬಿಡಿಸುವುದನ್ನು ನಿಲ್ಲಿಸದೆ ಹೇಳಿದಳು. “ಚಿಕ್ಕಮುನಿಯ ನಮ್ಮಪ್ಪನ ಬೆನ್ನಲ್ಲಿ ಬಿದ್ದ ತಮ್ಮ. ನಂಗೊಬ್ಳು ಅಕ್ಕ ಇದ್ಳಂತೆ, ಕೆಂಪಿ ಅಂತ. ನಾನು ಹುಟ್ಟೋಕ್ ಮುಂಚೆ. ಐದು ವರ್ಷದ ಮಗು. ಚಿಕ್ಕಪ್ಪ ಅಂದ್ರೆ ಪ್ರಾಣ ಬಿಡೋದಂತೆ. ಹೆಗಲ ಮೇಲೆ ಕೂರಿಸ್ಕೊಂಡು ಕೆರೆ ಕಡೆ ಹೋದ. ಕಾಲಾಗೆ ಬೆಳ್ಳಿ ಕಡಗ ಇತ್ತು. ಬಿಚ್ಚೋಕ್ ಹೋದ, ಬರ್ಲಿಲ್ಲ. ಮಗು ಕಿರುಚ್ತು. ಬಾಯಿ ಮುಚ್ದ.” ಒಂದು ಬೀಜ ನೆಲಕ್ಕೆ ಬಿತ್ತು. ಹುಡುಕಿ ಎತ್ತಿಕೊಂಡಳು. “ಸೇಂದಿ ಅಂಗಡೀಲಿ ಕಡಗ ಸಿಗ್ತು. ಮಗು ಕೆರೇಲಿ ಸಿಗ್ತು.”

ಮುರುಗೇಶ್ ಎದ್ದು ಬೈಕಿನ ಹತ್ತಿರ ಹೋಗಿ ನಿಂತ. ನಾಗೇಂದ್ರನಿಗೆ ಏಳಲೂ ಆಗಲಿಲ್ಲ.

“ಕರಿನೀರಿಗೆ ಕಳಿಸಿದ್ರು. ಊರ್ನೋರು ಹುಲ್ಲಿನ ಬೊಂಬೆ ಮಾಡಿ, ಹಣೆಗೆ ನಾಮ ಬಳಿದು, ಶಂಖ ಊದ್ಸಿ ಹೂತ್ಬಿಟ್ರು. ನಾವು ನಾಮದೋರು. ಅವ್ನ ಲೆಕ್ಕ ಅಲ್ಲಿಗೆ ಮುಗೀತು. ಆಮೇಲೆ ಯುದ್ಧ ಮುಗ್ದು ಬಿಟ್ಬಿಟ್ರಲ್ಲ, ಬಂದ. ಊರ ಮುಂದ್ಲ ಮರದ ಕೆಳಗೆ ಕೂತ. ನಮ್ಮಪ್ಪ ಒಂದ್ ಚೊಂಬು ನೀರು ತಗೊಂಡೋಗಿ ಕೊಟ್ಟು, ‘ನಿನ್ನ ಹೂತಾಗೈತೆ, ಎದ್ದೋಗು’ ಅಂದ. ನಾನು ನಮ್ಮಪ್ಪನ ಹಿಂದೆ ನಿಂತಿದ್ದೆ, ಸಣ್ಣೋಳು. ಆವಯ್ಯ ನೀರು ಕುಡೀತಾ ನನ್ನ ಕಾಲೇ ನೋಡ್ತಿದ್ದ. ನಂಗೆ ಯಾರೂ ಕಡಗ ಹಾಕಿರ್ಲಿಲ್ಲ.”

ಅಲ್ಲಿಂದ ಅವನು ಬೆಂಗಳೂರಿಗೆ ಬಂದ, ಮಿಲ್ಲು ಸೇರಿದ, ಒಬ್ಬಳನ್ನು ಕಟ್ಟಿಕೊಂಡ ಎಂಬುದು ಮಾತ್ರ ಊರಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ನಾಗೇಂದ್ರ ಕೇಳಿದ.

“ನಿಮ್ಮಪ್ಪ ಬಂದಿದ್ನಲ್ಲ,” ಅಂದಳು ಶಿವಕ್ಕ. “ಇನ್ನೂ ಮೀಸೆ ಚಿಗುರ್ತಿತ್ತು. ಅವರಪ್ಪ ಸಾಯ್ತಾ ಎಲ್ಲಾ ಹೇಳಿದ್ನಂತೆ. ಬಂದೋನೇ ನಮ್ಮಪ್ಪನ ಕಾಲಿಗೆ ಬಿದ್ದು ‘ತಪ್ಪಾಯ್ತು’ ಅಂದ. ‘ನೀನೇನ್ ಮಾಡ್ದೆ ಮಗ, ಏಳು’ ಅಂದ ನಮ್ಮಪ್ಪ. ಉಣ್ಣೋಕಿಕ್ಕಿದ್ವಿ. ಒಳಗ್ ಬಾ ಅಂದ್ರೂ ಬರ್ಲಿಲ್ಲ. ಅಂಗಳದಾಗೇ ಕೂತು ಉಂಡು, ತಟ್ಟೆ ತೊಳ್ದು ಬೋರಲಾಕಿ ಹೋದ. ನಾಮ ಇಟ್ಕೋ, ನಿಂದು ಅದೇ ಒಕ್ಕಲು ಅಂದ್ರೆ ‘ನಂಗ್ಯಾಕೆ, ಬೇಡ’ ಅಂದ.”

ಸಂಜೆ ನಾಗೇಂದ್ರ ಮನೆಗೆ ಬಂದಾಗ ಅಪ್ಪ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ. ದಾರಿಯುದ್ದಕ್ಕೂ ನಾಗೇಂದ್ರ ಬೈಗುಳ ಜೋಡಿಸಿಕೊಂಡು ಬಂದಿದ್ದ. ಯಾಕೆ ಹೇಳಲಿಲ್ಲ, ಯಾಕೆ ಪೇಟ ಇಡಿಸಿಕೊಂಡೆ, ಯಾಕೆ ನನ್ನ ಕೈಯಲ್ಲಿ ಚಪ್ಪಾಳೆ ತಟ್ಟಿಸಿದೆ. ಅಪ್ಪ ಅವನ ಶೂ ಮೇಲಿನ ಕೆಂಪು ಮಣ್ಣು ನೋಡಿದ. ಆಮೇಲೆ ಮುಖ ನೋಡಿದ.

“ಊಟಕ್ಕಿಕ್ಕಿದ್ರಾ?” ಅಂತ ಕೇಳಿದ.

“ಇಕ್ಕಿದ್ರು.”

ಮುನಿರಾಮಯ್ಯ ತಲೆಯಾಡಿಸಿ ಸೊಪ್ಪಿನ ಕಡೆ ತಿರುಗಿದ. ಆ ಮನೆಯಲ್ಲಿ ಈ ಬಗ್ಗೆ ನಡೆದ ಮಾತುಕತೆ ಅಷ್ಟೇ.

ಆಮೇಲೂ ನಾಗೇಂದ್ರ ಮೋಹನ್ ಕುಮಾರನಿಗೆ ನಿಜ ಹೇಳಲಿಲ್ಲ. ಊರು ಸಿಗಲಿಲ್ಲ ಸಾರ್ ಅಂದ. ಬೀದಿಯ ಹುಡುಗರು ‘ಹೋರಾಟಗಾರರ ಮೊಮ್ಮಗ’ ಅಂತ ಕರೆದು ಜಾಗ ಬಿಟ್ಟಾಗ ಕೂತುಕೊಂಡ. ಕೂತ ಪ್ರತಿ ಸಲವೂ ಹಾಳಾದ ಕುರ್ಚಿ ಚುಚ್ಚುತ್ತಿತ್ತು. ಆದರೂ ಕೂತ.

* * *

ಮೋಹನ್ ಕುಮಾರ್ ಬಿಳಿ ಷರಟಿನಲ್ಲಿ, ಹತ್ತಾರು ಹುಡುಗರ ಜೊತೆ ಬಂದ. ಹೆಣಕ್ಕೆ ಕೈ ಮುಗಿದು, ಯಶೋದಮ್ಮನ ಕಾಲು ಮುಟ್ಟಿ, ಬಾವುಟದ ಮಡಿಕೆ ಬಿಚ್ಚಿಸಿದ. ಒಬ್ಬ ಹುಡುಗ ಫೋನ್ ಎತ್ತಿ ಲೈವ್ ಶುರು ಮಾಡಿದ.

“ಹಿಂಗೆಲ್ಲ ಹೊದಿಸ್ಬೋದಾ ಅಣ್ಣ? ಪೊಲೀಸ್ನೋರು ಕೇಳಲ್ವಾ?” ಅಂದಳು ಕಲಾವತಿ.

“ದೇಶಭಕ್ತರಿಗೆ ಯಾವ ಪೊಲೀಸಮ್ಮ!”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಆಟೋ ನಿಂತಿತು. ಮುರುಗೇಶ್ ಕೈ ಹಿಡಿದು ಇಳಿಸಿದ. ಶಿವಕ್ಕ ಬರಿಗಾಲಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತಮಟೆಯ ಸದ್ದಿನ ಕಡೆ ನಡೆದು ಬಂದಳು. ಯಾರನ್ನೂ ಕೇಳದೆ ಹೆಣದ ತಲೆಯ ಬಳಿ ಬಂದು ಯಶೋದಮ್ಮನ ಪಕ್ಕ ಕೂತಳು.

“ಯಾರಮ್ಮ ನೀವು?” ರಾಚಪ್ಪ ಕೇಳಿದ.

“ಇವ್ನ ದೊಡ್ಡಪ್ಪನ ಮಗಳು. ದಾಯಾದಿ.”

ಶಾಮಿಯಾನದಲ್ಲಿ ಗುಸುಗುಸು ಎದ್ದಿತು. ಮೋಹನ್ ಕುಮಾರನ ಮುಖ ಅರಳಿತು. ಹುಡುಗನ ಕೈಯಿಂದ ಫೋನ್ ಕಿತ್ತುಕೊಂಡು ಮುದುಕಿಯ ಮುಂದೆ ಮೊಣಕಾಲೂರಿದ.

“ನೋಡಿ ಬಂಧುಗಳೇ, ಹೋರಾಟಗಾರರ ವಂಶದ ಹಿರಿಯ ಕುಡಿ ನಮ್ಮ ಮುಂದೆ ಇದಾರೆ. ಅಜ್ಜೀ, ನಿಮ್ಮ ಚಿಕ್ಕಪ್ಪ ದೇಶಕ್ಕೋಸ್ಕರ ಕರಿನೀರಿಗೆ ಹೋದ್ರಲ್ಲ, ಅವರ ತ್ಯಾಗದ ಬಗ್ಗೆ ಎರಡು ಮಾತು ಹೇಳಿ.”

ಶಿವಕ್ಕ ಫೋನನ್ನು ನೋಡಿದಳು. ಬಾವುಟ ನೋಡಿದಳು. ಯಶೋದಮ್ಮನ ಬೋಳು ಕೈ ನೋಡಿದಳು. ಕೊನೆಗೆ ನಾಗೇಂದ್ರನನ್ನು ನೋಡಿದಳು.

“ಏನಂತ ಹೇಳ್ಲಿ ಮಗ?” ಅಂದಳು ಮೆಲ್ಲಗೆ. “ನೀನು ಹೆಂಗಂತೀಯೋ ಹಂಗಂತೀನ್ ಬಿಡು.”

ಅವಳು ಎದೆ ಬಡಿದುಕೊಂಡು ಶಾಪ ಹಾಕಿದ್ದರೆ ನಾಗೇಂದ್ರ ತಡೆದುಕೊಳ್ಳುತ್ತಿದ್ದ. ಎದುರು ಮಾತಾಡಿ ಜಗಳ ಮಾಡುತ್ತಿದ್ದನೇನೋ. ಸತ್ತ ಮಗುವಿನ ತಂಗಿ, ಕೊಂದವನ ಮೊಮ್ಮಗನ ಮರ್ಯಾದೆ ಉಳಿಸಲು, ಈ ಇಳಿವಯಸ್ಸಿನಲ್ಲಿ ಸುಳ್ಳು ಹೇಳಲು ತಯಾರಾಗಿ ಕೂತಿದ್ದಳು. ಅವನ ಮೈಯ ರಕ್ತವೆಲ್ಲ ಕಿವಿಗೆ ಏರಿತು.

“ಫೋನ್ ಇಳಿಸಿ ಸಾರ್.”

“ಯಾಕೋ? ಲೈವ್ ಹೋಗ್ತಾ ಇದೆ.”

“ಹೋಗ್ಲಿ, ಎಲ್ರೂ ಕೇಳ್ಲಿ. ನಮ್ಮ ತಾತ ಹೋರಾಟಗಾರ ಅಲ್ಲ. ಇವರ ಅಕ್ಕನ್ನ ಕೊಂದು ಕರಿನೀರಿಗೆ ಹೋದ. ಐದು ವರ್ಷದ ಮಗು. ಅವರಣ್ಣನ ಮಗಳು. ಕಾಲ್ಕಡಗಕ್ಕೋಸ್ಕರ.”

ತಮಟೆ ನಿಂತಿತು. ಶಶಿಕಲಾಳ ಅಳುವೂ ನಿಂತಿತು. ಅವಳು ಸೀರೆಯ ಅಂಚನ್ನು ಮೆಲ್ಲಗೆ ಎಳೆದು ತನ್ನ ಪಾದಗಳನ್ನು ಮುಚ್ಚಿಕೊಂಡಳು.

“ನಮ್ಮಪ್ಪಂಗೆ ಗೊತ್ತಿತ್ತು,” ನಾಗೇಂದ್ರ ಅಂದ. “ನಂಗೂ ಗೊತ್ತಿತ್ತು.”

ಮೋಹನ್ ಕುಮಾರ್ ಫೋನನ್ನು ಎದೆಗೆ ಒತ್ತಿ ಹಿಡಿದು ಎದ್ದ. “ಆಫ್ ಮಾಡ್ರೋ, ಆಫ್ ಮಾಡ್ರೋ ಇದನ್ನ,” ಅಂದ, ಫೋನ್ ತನ್ನ ಕೈಯಲ್ಲೇ ಇದ್ದದ್ದು ಮರೆತು. ಹುಡುಗರು ಬಾವುಟವನ್ನು ಮದುವೆ ಮನೆಯ ಜಮಖಾನದ ಹಾಗೆ ಅವಸರದಲ್ಲಿ ಮಡಚಿದರು. ಒಬ್ಬನಿಗೆ ಕರೆ ಬಂತು. ಇನ್ನೊಬ್ಬನಿಗೆ ಅಂಗಡಿ ನೆನಪಾಯಿತು. ಕುರ್ಚಿಗಳು ಕಿರುಗುಟ್ಟಿ ಖಾಲಿಯಾದವು. ಕಲಾವತಿ ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ರಾಚಪ್ಪ ಮಾತ್ರ ನಿಂತೇ ಇದ್ದ. ಕೈಯಲ್ಲಿದ್ದ ವಿಭೂತಿ ಉಂಡೆಯನ್ನು ಜೇಬಿಗೆ ಹಾಕಿಕೊಂಡ.

“ನಾಮ ಹಂಗಾದ್ರೆ,” ಅಂದ. ಯಾರಿಗೆ ಅಂದನೋ.

ಶಿವಕ್ಕ ಸೆರಗಿನ ಗಂಟು ಬಿಚ್ಚಿದಳು. ನಾಮದ ಬಿಳಿ ಮಣ್ಣು, ಚೂರು ಕುಂಕುಮ ಕಟ್ಟಿಕೊಂಡೇ ಬಂದಿದ್ದಳು. ಅಂಗೈಯಲ್ಲಿ ನೀರು ಹನಿಸಿ ತೇಯ್ದು, ಬೆರಳಿನಿಂದ ಮುನಿರಾಮಯ್ಯನ ಹಣೆಯ ಮೇಲೆ ಎಳೆದಳು. “ಅವತ್ತು ಬೇಡ ಅಂದಿದ್ದೆ. ಈಗ ಹೆಂಗಂತೀಯೋ ನೋಡ್ತೀನಿ,” ಅಂದಳು. ನಾಮ ಸೊಟ್ಟಗೆ ಬಂತು. ಸೆರಗಿನಿಂದ ಒರೆಸಿ ಮತ್ತೆ ಎಳೆದಳು.

ಯಶೋದಮ್ಮ, ಮಗ ಹತ್ತಿರ ಬಗ್ಗಿದಾಗ ಅವನ ಮುಂಗೈ ಹಿಡಿದು ಎಳೆದು, ಅವನೊಬ್ಬನಿಗೇ ಕೇಳುವಂತೆ ಅಂದಳು.

“ನನಗೂ ಹೇಳ್ದೆ, ಒಂದ್ ಜೀವಮಾನ ಒಬ್ನೇ ಹೊತ್ನಲ್ಲೋ ನಿಮ್ಮಪ್ಪ. ಮಣ್ಣಾಗೋವರೆಗೂ ತಡೆಯೋಕಾಗ್ಲಿಲ್ವಾ ನಿನಗೆ?”

ಅವಳು ಕೈ ಬಿಟ್ಟಳು. ಬಿಟ್ಟ ರೀತಿಯಲ್ಲೇ ಇತ್ತು ಎಲ್ಲವೂ.

“ಎತ್ರಪ್ಪ, ಹೊತ್ತಾಯ್ತು,” ಅಂದ ರಾಚಪ್ಪ. ಚಟ್ಟಕ್ಕೆ ಹೆಗಲು ಕಮ್ಮಿ ಬಿದ್ದವು. ಮುರುಗೇಶ್ ಒಂದು ಕಡೆ, ಶಶಿಕಲಾಳ ಗಂಡ ಒಂದು ಕಡೆ, ತಮಟೆಯವರಲ್ಲೊಬ್ಬ ತಮಟೆಯನ್ನು ಬೆನ್ನಿಗೆ ಹಾಕಿಕೊಂಡು ಇನ್ನೊಂದು ಕಡೆ ಹೆಗಲು ಕೊಟ್ಟ. ನಾಲ್ಕನೆಯದಕ್ಕೆ ರಾಚಪ್ಪ, ಹಲ್ಲು ಕಚ್ಚಿಕೊಂಡು, ತಾನೇ ಬಗ್ಗಿದ. “ನನ್ನಕ್ಕನ ಮುಖ ನೋಡಿ ಹೊರ್ತಿದೀನಿ, ನಿಮ್ಮ ವಂಶ ನೋಡಿ ಅಲ್ಲ,” ಅಂತ ನಾಗೇಂದ್ರನಿಗೆ ಕೇಳುವಂತೆ ಅಂದ. ಶಂಖ ಊದಲು ದಾಸಯ್ಯನನ್ನು ಹುಡುಕುವಷ್ಟು ಹೊತ್ತು ಉಳಿದಿರಲಿಲ್ಲ.

ಶಿವಕ್ಕನೂ ಹೊರಟಳು. “ಹೆಂಗಸ್ರು ಸ್ಮಶಾನಕ್ಕೆ ಬರಂಗಿಲ್ಲಮ್ಮ,” ಅಂದ ರಾಚಪ್ಪ ಚಟ್ಟದ ಕೆಳಗಿಂದ.

“ಎಂಬತ್ತು ದಾಟಿದ್ಮೇಲೆ ಹೆಂಗ್ಸೂ ಇಲ್ಲ, ಗಂಡ್ಸೂ ಇಲ್ಲ. ನಡಿಯಪ್ಪ ನೀನು.”

* * *

ಸ್ಮಶಾನದಲ್ಲಿ ಗುಂಡಿಯ ಅಂಚಿಗೆ ಶಿವಕ್ಕನನ್ನು ಇಬ್ಬರು ಹಿಡಿದುಕೊಂಡರು. ಅವಳು ಬಗ್ಗಿ ಮೊದಲ ಹಿಡಿ ಮಣ್ಣು ತೆಗೆದುಕೊಂಡಳು. ಹಾಕಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ತುಟಿ ಅಲ್ಲಾಡಿತು. ಕೆಂಪಿಗೆ ಹೇಳಿದಳೋ, ಮುನಿರಾಮಯ್ಯನಿಗೆ ಹೇಳಿದಳೋ, ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಆಮೇಲೆ ಬೆರಳು ಸಡಿಲಿಸಿದಳು.

ನಾಗೇಂದ್ರ ನೀರಿನ ಮಡಕೆ ಹೆಗಲ ಮೇಲಿಟ್ಟು ಸುತ್ತು ಬಂದ. ರಾಚಪ್ಪ ಹಿಂದಿನಿಂದ ಕಲ್ಲಿನಲ್ಲಿ ಕುಟ್ಟಿ ತೂತು ಮಾಡಿದ. ನೀರು ಬೆನ್ನ ಮೇಲೆ ಇಳಿಯಿತು. ಸುತ್ತು ಮುಗಿದ ಮೇಲೆ ಮಡಕೆಯನ್ನು ಬೆನ್ನ ಹಿಂದಕ್ಕೆ ಬಿಟ್ಟ. ಅದು ಒಡೆದ ಸದ್ದು ಕೇಳಿತು.

“ಹಿಂದೆ ತಿರುಗಿ ನೋಡ್ಬೇಡ. ನಡಿ,” ಅಂದ ರಾಚಪ್ಪ.

ಗೇಟಿನ ಪಕ್ಕದ ನಲ್ಲಿಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡ. ಗೇಟಿನ ಹೊರಗೆ ಮೋಹನ್ ಕುಮಾರ್ ತನ್ನ ಹುಡುಗರ ಜೊತೆ ಕಾಯುತ್ತಿದ್ದ. ಒಳಗೆ ಬಂದಿರಲಿಲ್ಲ. ನಾಗೇಂದ್ರ ದಾಟಿ ಹೋಗುವಾಗ ಅವನ ದನಿ ಬೆನ್ನಿಗೆ ಬಡಿಯಿತು.

“ಏಯ್, ಕೊಲೆಗಾರನ ಮೊಮ್ಮಗ! ನಿನ್ನ ಯಾರಾದ್ರೂ ಕೇಳಿದ್ರೇನೋ? ಯಾರೂ ಕೇಳಿರ್ಲಿಲ್ವಲ್ಲೋ! ಸತ್ತೋರ ಮರ್ಯಾದೆನೂ ಕಳ್ದೆ, ನನ್ನ ಮರ್ಯಾದೆನೂ ಕಳ್ದೆ. ಏನ್ ಸಿಕ್ತೋ ನಿನಗೆ? ಹೇಳ್ ಹೋಗೋ!”

ಟೀ ಅಂಗಡಿಯ ಮುಂದಿದ್ದವರು ಲೋಟ ಹಿಡಿದೇ ತಿರುಗಿ ನೋಡಿದರು. ನಾಗೇಂದ್ರ ತಿರುಗಲಿಲ್ಲ. ಹೇಳಲೂ ಇಲ್ಲ. ಒದ್ದೆ ಪಂಚೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಮೈಸೂರು ರಸ್ತೆಯ ಫುಟ್‌ಪಾತು ಇಡೀ ದಿನದ ಬಿಸಿಲಿಗೆ ಕಾದ ಕಾವಲಿಯಾಗಿತ್ತು. ಅವನ ಮೈಯಿಂದ ಇಳಿದ ನೀರು ಪ್ರತಿ ಹೆಜ್ಜೆಗೂ ಕಲ್ಲಿನ ಮೇಲೆ ಒಂದು ಕಪ್ಪು ಪಾದ ಮೂಡಿಸಿ ಹೋಗುತ್ತಿತ್ತು. ಹಿಂದೆ ಶಿವಕ್ಕ ಬರುತ್ತಿದ್ದಳು. ಸೆರಗನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಆ ಒದ್ದೆ ಗುರುತುಗಳು ಆರುವ ಮೊದಲೇ, ಒಂದೊಂದನ್ನೂ ಹುಡುಕಿ ಹುಡುಕಿ ತನ್ನ ಬರಿಗಾಲು ಊರುತ್ತಿದ್ದಳು.